ವಿಡಿಯೊ ಡೋರ್‌ಬೆಲ್ ಹಾಕುವ ಮುಂಚೆ ಹಳೆ ಬೆಲ್ಲಿನ ಕರೆಂಟ್ ಪರೀಕ್ಷೆ ಹೇಗೆ?

ಹಳೆ ಕಾಲಿಂಗ್ ಬೆಲ್ ತೆಗೆದು ವಿಡಿಯೊ ಡೋರ್‌ಬೆಲ್ ಹಾಕಬೇಕು ಅಂತಿದ್ದೇನೆ. ಡಬ್ಬದ ಮೇಲೆ 16–24 ವೋಲ್ಟ್ ಎಸಿ, 10 ವಿಎ (ವೋಲ್ಟ್ × ಆಂಪಿಯರ್) ಅಂತ ಇದೆ. ನಮ್ಮ ವೈರಿನಲ್ಲಿ ಎಷ್ಟು ಬರುತ್ತಿದೆಯೋ ಗೊತ್ತಿಲ್ಲ. ಮಲ್ಟಿಮೀಟರ್ ಇದೆ, ಬಳಸಿದ ಅಭ್ಯಾಸ ಕಡಿಮೆ. ಮಾಡಿ ನೋಡಿದವರು ಹೇಳುತ್ತೀರಾ?

*

ಮೊದಲು ನಿಮ್ಮ ಬೆಲ್‌ಗೆ ಟ್ರಾನ್ಸ್‌ಫಾರ್ಮರ್ (ವೋಲ್ಟ್ ಇಳಿಸುವ ಪುಟ್ಟ ಪೆಟ್ಟಿಗೆ) ಇದೆಯಾ, ಇಲ್ಲಾ ಮನೆ ಕರೆಂಟೇ ನೇರವಾಗಿ ಬರುತ್ತಿದೆಯಾ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಲೈಟಿನ ಸ್ವಿಚ್‌ಗೆ ಬರುವ ಕರೆಂಟೇ ಬೆಲ್ಲಿನ ಸ್ವಿಚ್‌ಗೂ ಬಂದಿರುತ್ತದೆ. ಅಲ್ಲಿಗೆ ಹೊಸ ಬೆಲ್ ಕೊಟ್ಟರೆ ಸುಟ್ಟೇ ಹೋಗುತ್ತದೆ.

ಎಂಸಿಬಿ (ಮೇನ್ ಬೋರ್ಡಿನ ಸುರಕ್ಷತಾ ಸ್ವಿಚ್) ಆಫ್ ಮಾಡಿ, ಸ್ವಿಚ್ ಬಿಚ್ಚಿ, ಎರಡು ಸ್ಕ್ರೂ ಕಾಣುವ ಹಾಗೆ ಹೊರಗೆಳೆಯಿರಿ. ಮೀಟರನ್ನು ಎಸಿ ವೋಲ್ಟ್‌ನ ಅತಿ ದೊಡ್ಡ ರೇಂಜಿಗೆ ಇಡಿ. ಎಂಸಿಬಿ ಆನ್ ಮಾಡಿ, ಬೆರಳು ತಾಗದಂತೆ ಎರಡೂ ಸ್ಕ್ರೂಗೆ ಪ್ರೋಬ್ (ಮೀಟರಿನ ವೈರಿನ ಮೊನೆ) ಮುಟ್ಟಿಸಿ. ನೂರರ ಮೇಲೆ ತೋರಿಸಿತಾ? ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಎರಡಂಕಿ ಬಂದರೆ ರೇಂಜ್ ಇಳಿಸಿ ಸರಿಯಾಗಿ ಓದಿ. 16 ವೋಲ್ಟಿನದು 18, 19 ತೋರಿಸಿದರೂ ಗಾಬರಿ ಬೇಡ, ಲೋಡ್ ಇಲ್ಲದಾಗ, ಅಂದರೆ ಬೆಲ್ ಕರೆಂಟ್ ಎಳೆಯದಿದ್ದಾಗ, ಜಾಸ್ತಿಯೇ ಇರುತ್ತದೆ.

ಅಳೆಯುವಾಗ ಬೆಲ್ ಒತ್ತಬೇಡಿ. ಒತ್ತಿದರೆ ಎರಡು ಸ್ಕ್ರೂ ಒಳಗೇ ಸೇರಿಕೊಂಡು ಮೀಟರ್ ಸೊನ್ನೆಗೆ ಬರುತ್ತದೆ. ಒತ್ತದೆಯೂ ಸೊನ್ನೆ ಬಂದರೆ ಮೀಟರ್ ಡಿಸಿಯಲ್ಲಿ ಇದೆಯೇನೋ ನೋಡಿ, ಸುಮ್ನೆ ಟ್ರಾನ್ಸ್‌ಫಾರ್ಮರನ್ನು ಬೈಯಬೇಡಿ.

*

ಮೇಲಿನವರು ಹೇಳಿದ್ದು ಸರಿ, ಆದರೆ ವೋಲ್ಟ್ ನೋಡಿದರೆ ಸಾಲದು. ನಮ್ಮಲ್ಲಿ ಮೀಟರ್ 18 ತೋರಿಸುತ್ತಿತ್ತು, ಹಗಲು ಹೊಸ ಬೆಲ್ ಚೆನ್ನಾಗಿಯೇ ಇತ್ತು. ಕತ್ತಲಾಗಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತಿದ್ದೇ ತಡ, ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಲೇಬಲ್ ಒರೆಸಿ ನೋಡಿದರೆ ಬರೀ 5 ವಿಎ! ಅಂದರೆ 16 ವೋಲ್ಟಿನಲ್ಲಿ 0.3 ಆಂಪಿಯರ್ ಅಷ್ಟೇ. 30 ವಿಎ ಇದ್ದರೆ ಸುಮಾರು 1.9 ಸಿಗುತ್ತದೆ. ಈ ವಿಎ ಸಂಖ್ಯೆಯನ್ನು ಮೀಟರ್ ತೋರಿಸುವುದಿಲ್ಲ, ಲೇಬಲ್ಲೇ ಓದಬೇಕು.

ಲೇಬಲ್ ಅಳಿಸಿದ್ದರೆ ಒಂದು ಉಪಾಯ ಇದೆ. ಟ್ರಾನ್ಸ್‌ಫಾರ್ಮರಿನ ಕಡಿಮೆ ವೋಲ್ಟ್ ಕಡೆಯ ಎರಡು ಸ್ಕ್ರೂಗೆ ಪ್ರೋಬ್ ಇಟ್ಟು, ಇನ್ನೊಬ್ಬರಿಗೆ ಹಳೆ ಬೆಲ್ ಒಂದೆರಡು ಸೆಕೆಂಡ್ ಒತ್ತಲು ಹೇಳಿ. 18 ಇದ್ದದ್ದು 11ಕ್ಕೆ ಕುಸಿದರೆ ಅದಕ್ಕೆ ಹೊಸ ಬೆಲ್ ಎಳೆಯುವ ಶಕ್ತಿ ಇಲ್ಲ ಅಂತಲೇ ಲೆಕ್ಕ. ಅಲ್ಲಿ ಇಳಿಯದೆ, ಒತ್ತಿದಾಗ ಬೆಲ್ ಪೆಟ್ಟಿಗೆಯ ಹತ್ತಿರ ಮಾತ್ರ ಕಡಿಮೆ ಬರುತ್ತಿದ್ದರೆ ತಪ್ಪು ವೈರಿನದು. ಉದ್ದದ ತೆಳು ವೈರೋ, ತುಕ್ಕು ಹಿಡಿದ ಸ್ಕ್ರೂನೋ ಇರುತ್ತದೆ. ಸ್ಕ್ರೂ ಉಜ್ಜಿ ಬಿಗಿ ಮಾಡಿದರೆ ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ.

*

ಟ್ರಾನ್ಸ್‌ಫಾರ್ಮರ್ ಬದಲಿಸುವುದಾದರೆ ಜಾಸ್ತಿ ಇರಲಿ ಅಂತ 24 ವೋಲ್ಟಿನದು ತರಬೇಡಿ. ಒಳಗಿನ ಹಳೆ ಬೆಲ್ 16ರದ್ದಾಗಿದ್ದರೆ ಅದರ ಕಾಯಿಲ್ ಬಿಸಿಯಾಗಿ ಸುಡಬಹುದು. 16 ವೋಲ್ಟ್, 30 ವಿಎ ಸಾಕು ಅಂತ ನನ್ನ ಅಭಿಪ್ರಾಯ. ಹಳೆ ಬೆಲ್ಲನ್ನೇ ತೆಗೆದು ನೇರ ಕೊಡುವವರು ಮ್ಯಾನ್ಯುಯಲ್ ನೋಡಿ, ಕೆಲವು ಮಾಡೆಲ್‌ಗೆ ಮಧ್ಯೆ ರೆಸಿಸ್ಟರ್ (ಕರೆಂಟ್ ಮಿತಿಯಲ್ಲಿಡುವ ಬಿಡಿಭಾಗ) ಬೇಕೇ ಬೇಕು. ಟ್ರಾನ್ಸ್‌ಫಾರ್ಮರಿಗೆ ಮನೆ ಕರೆಂಟ್ ಜೋಡಿಸುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೇ ಬಿಡಿ.