ಸಹಾಯ ಬೇಕು: ಇಂಗ್ಲೆಂಡಿನ ಚರ್ಚಿನಲ್ಲಿ ಕೊನೆಯ ಮಾತು ಯಾರದು?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಚರ್ಚಿನ ಸಭೆಯಲ್ಲಿ ಬೆಳೆದವಳು ನಾನು, ಈಗ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿದ್ದೇನೆ. ಇಲ್ಲಿನ ಆಂಗ್ಲಿಕನ್ ಚರ್ಚಿನವರು ಪಿಸಿಸಿ, ಅಂದರೆ ಪ್ಯಾರಿಷ್‌ನ (ಊರಿನ ಚರ್ಚಿನ ವ್ಯಾಪ್ತಿಯ) ಆಡಳಿತ ಸಮಿತಿಗೆ ನಿಲ್ಲಿ ಎಂದು ಬೆನ್ನು ಹತ್ತಿದ್ದಾರೆ. ಹೂಂ ಅನ್ನುವ ಮೊದಲು ಯಾರ ಕೈಯಲ್ಲಿ ಏನಿದೆ ಎಂದು ತಿಳಿಯಬೇಕು.

ಮೇಲಿನ ಮೆಟ್ಟಿಲುಗಳು ಅರ್ಥವಾಗಿವೆ. ದೊರೆಯೇ ಚರ್ಚಿನ ಮುಖ್ಯಸ್ಥರು, ಅಂದರೆ ಸುಪ್ರೀಮ್ ಗವರ್ನರ್. ಕ್ಯಾಂಟರ್ಬರಿ, ಯಾರ್ಕ್ ಎಂಬ ಎರಡು ಪ್ರಾಂತಗಳು. 1970ರಿಂದ ಬಿಷಪ್‌ಗಳು, ಪಾದ್ರಿಗಳು, ಸಾಮಾನ್ಯ ಸಭಿಕರು ಎಂಬ ಮೂರು ಸದನಗಳ ಜನರಲ್ ಸಿನಾಡ್, ಅಂದರೆ ಚರ್ಚಿನ ಶಾಸನಸಭೆ. ಅದು ರೂಪಿಸಿದ ‘ಮೆಷರ್’ ಎಂಬ ಕಾನೂನಿಗೆ ಪಾರ್ಲಿಮೆಂಟಿನ ಒಪ್ಪಿಗೆಯೂ ಬೇಕು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪೋಪ್ ಅಲ್ಲ. ನಮ್ಮ ಸಿಎಸ್‌ಐ ಆಂಗ್ಲಿಕನ್ ಒಕ್ಕೂಟದಲ್ಲಿದ್ದರೂ ಅವರ ಆಜ್ಞೆ ಅಲ್ಲಿ ನಡೆಯುವುದಿಲ್ಲ. ನಮ್ಮ ಸಿಎಸ್‌ಐಗೆ ಚುನಾಯಿತ ಮುಖ್ಯಸ್ಥರ ಹುದ್ದೆಯೇ ಇದೆ, ಮಾಡರೇಟರ್ ಎಂದು.

ತಲೆ ಕೆಟ್ಟದ್ದು ಕೆಳಗಿನ ಮೆಟ್ಟಿಲಿನಲ್ಲಿ. ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ಹಳೆಯ ವಿಕಾರ್‌ಗಳ (ಪ್ಯಾರಿಷ್ ಪಾದ್ರಿಗಳ) ಹೆಸರಿನ ಎದುರು ಅವರನ್ನು ಸೂಚಿಸಿದ ‘ಪೇಟ್ರನ್’ ಹೆಸರೂ ಇದೆ: ಮೊದಲು ಮಠ, ಆಮೇಲೆ ಜಮೀನುದಾರರು, ಈಗ ಒಂದು ಕಾಲೇಜು! ಸದ್ಯ ವಿಕಾರ್ ಹುದ್ದೆ ಖಾಲಿ. ಪೇಟ್ರನ್ ಸೂಚಿಸಿದವರನ್ನು ಪಿಸಿಸಿ ಆರಿಸಿದ ಇಬ್ಬರು ಪ್ರತಿನಿಧಿಗಳು ಬೇಡ ಎನ್ನಬಹುದಂತೆ. ನಿಜವಾಗಿ ಬೇಡ ಎಂದವರು ಇಲ್ಲಿ ಯಾರಾದರೂ ಇದ್ದೀರಾ? ಆಮೇಲೆ ಏನಾಯಿತು?

ಇನ್ನೊಂದು ಪ್ರಶ್ನೆ. ಚಾವಣಿ ಸೋರುತ್ತಿದೆ, ವೇದಿಕೆಯ ಬಳಿ ಎರಡು ಬಕೆಟ್ ಇಟ್ಟಿದ್ದೇವೆ. ಸೀಸದ ಹಾಳೆ ಬದಲಿಸಲು ಡಯಾಸಿಸ್ಸಿನ (ಬಿಷಪ್‌ರ ವ್ಯಾಪ್ತಿಯ ಪ್ರದೇಶದ) ಚಾನ್ಸಲರ್, ಅಂದರೆ ಚರ್ಚಿನ ನ್ಯಾಯಾಧೀಶರು ಕೊಡುವ ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕು ಎನ್ನುತ್ತಾರೆ. ಅರ್ಜಿ ಹಾಕಿದ ಅನುಭವವಿದ್ದವರು ಎಷ್ಟು ತಿಂಗಳು ಹಿಡಿಯಿತು ಎಂದು ದಯವಿಟ್ಟು ತಿಳಿಸಿ.