ಸಹಾಯ ಬೇಕು: ಮೂಳೆ ಕೊಯ್ಯುವಾಗ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಏಳುವ ಪುಡಿಗೆ ಏನು ಮಾಡ್ತೀರಿ?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಸಣ್ಣ ಆಸ್ಪತ್ರೆಯಲ್ಲಿ ಓಟಿ ಟೆಕ್ನಿಷಿಯನ್. ವಾರಕ್ಕೆ ಎರಡಾದರೂ ಮಂಡಿ ರೀಪ್ಲೇಸ್‌ಮೆಂಟ್ ಇರುತ್ತದೆ.

ಮೊನ್ನೆ ಕೇಸ್ ಮುಗಿಸಿ ಕನ್ನಡಕ ಒರೆಸಲು ತೆಗೆದೆ. ಗಾಜಿನ ತುಂಬಾ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿ. ಟೇಬಲ್‌ನಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದೆ ನೋಡಿ! ಇದು ಕಣ್ಣಿಗೆ ಕಂಡದ್ದು. ಪವರ್ ಗರಗಸ ಓಡುವಾಗ ರಕ್ತ, ಮೂಳೆ ಪುಡಿ ಸೇರಿದ ಇನ್ನೂ ಸಣ್ಣ ಕಣಗಳು ಏಳುತ್ತವೆ. ಅವು ಕಾಣುವುದೂ ಇಲ್ಲ, ಬೇಗ ಕೆಳಗೆ ಕೂರುವುದೂ ಇಲ್ಲ.

ನಾವು ಕಟ್ಟುವ ಮೂರು ಪದರದ ಮಾಸ್ಕ್ ಎರಚಲು ತಡೆಯುತ್ತದೆ, ಅಷ್ಟೇ. ಕೆನ್ನೆ ಹತ್ತಿರ ಸಂದು ಇದ್ದೇ ಇರುತ್ತದೆ. ಎನ್95 ಆದರೆ 0.3 ಮೈಕ್ರಾನ್ ಕಣಗಳಲ್ಲೂ ನೂರಕ್ಕೆ 95 ತಡೆಯುತ್ತದೆ, ಮುಖಕ್ಕೆ ಅಂಟಿ ಕೂತರೆ ಮಾತ್ರ. ಅದಕ್ಕೇ ಗಡ್ಡ ಬೋಳಿಸಿದೆ. ಮಗಳು ಹತ್ತಿರವೇ ಬರಲಿಲ್ಲ!

ಬ್ಲೇಡ್ ಮೇಲೆ ಸಲೈನ್ ಬಿಡುತ್ತೇವೆ, ಮೂಳೆ ಕಾಯಬಾರದು ಅಂತ. ಪುಡಿ ನೆನೆಯುತ್ತದೆ ನಿಜ, ಆದರೆ ಎರಚಲು ಜಾಸ್ತಿ.

ನನ್ನ ಪ್ರಶ್ನೆ ಇದು. ತೀರಾ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇರುವ ಸ್ಮೋಕ್ ಇವ್ಯಾಕ್ಯುಯೇಟರ್ (ಆಪರೇಷನ್ ವೇಳೆ ಏಳುವ ಹೊಗೆ ಹೀರುವ ಯಂತ್ರ) ಪೈಪನ್ನು ಗರಗಸದ ಪಕ್ಕ ಹಿಡಿದು ಯಾರಾದರೂ ನೋಡಿದ್ದೀರಾ? ಸರ್ಜನ್‌ ಕೈಗೆ ಅಡ್ಡ ಬರುತ್ತಾ? ಫಿಲ್ಟರ್ ಖರ್ಚು ಎಷ್ಟು ಬೀಳುತ್ತೆ? ನಮ್ಮಲ್ಲಿ ಕೇಳಿದರೆ "ಇಷ್ಟು ವರ್ಷ ಏನೂ ಆಗಿಲ್ವಲ್ಲ" ಅಂತಾರೆ. ಸುಮ್ನೆ ವಾದ ಮಾಡಿ ಪ್ರಯೋಜನವಿಲ್ಲ, ಬಳಸಿದವರ ಅನುಭವ ಬೇಕು.

ಮೈಸೂರಿನ ಓಟಿಗಳಲ್ಲಿ ಇರುವವರು ದಯವಿಟ್ಟು ಹೇಳಿ. ನೋಡಲು ಬಿಡುವುದಾದರೆ ರಜೆ ದಿನ ರೈಲು ಹತ್ತಿ ನಾನೇ ಬರುತ್ತೇನೆ.