ವೈಫೈ ಕ್ಯಾಮೆರಾ: ಡಬ್ಬದ ಮೇಲಿನ 300 ಮೀಟರ್ ನಂಬಬಹುದಾ?

ಪ್ರಶ್ನೆ: ಮನೆಯೊಳಗಿನ ರೂಟರ್‌ನಿಂದ ಗೇಟಿಗೆ ಸುಮಾರು 40 ಮೀಟರ್. ನಡುವೆ ಎರಡು ಗೋಡೆ. ಹಿಂದೆ ಇನ್ನೂ ದೂರದಲ್ಲಿ ತಗಡಿನ ಶೆಡ್ ಇದೆ. ಎರಡೂ ಕಡೆ ವೈರ್‌ಲೆಸ್ ಕ್ಯಾಮೆರಾ ಹಾಕಬೇಕು. ಡಬ್ಬದ ಮೇಲೆ 300 ಮೀಟರ್ ರೇಂಜ್ ಅಂತ ಬರೆದಿದೆ. ಬಳಸಿದವರು ಹೇಳಿ, ಏನು ನೋಡಿ ಕೊಳ್ಳಬೇಕು?

ಉತ್ತರ: 300 ಮೀಟರ್ ಸುಳ್ಳಲ್ಲ, ಆದರೆ ಅದು ಬಟಾಬಯಲಿನ ಲೆಕ್ಕ. ನೀವು ಮೀಟರ್ ಎಣಿಸಬೇಡಿ, ಗೋಡೆ ಎಣಿಸಿ. ಕಬ್ಬಿಣದ ಸರಳು ಹಾಕಿದ ಒಂದು ದಪ್ಪ ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬಹುದು. ಇಟ್ಟಿಗೆ ಗೋಡೆ ಅಷ್ಟು ಕೆಟ್ಟದ್ದಲ್ಲ. ತಗಡು, ದೊಡ್ಡ ಕನ್ನಡಿ, ನೀರು ತುಂಬಿದ ಟ್ಯಾಂಕ್ ಅಡ್ಡ ಬಂದರೆ ಕಷ್ಟ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಗೇಟಿನ ಹತ್ತಿರ ಫೋನ್ ಹಿಡಿದು ನೋಡುತ್ತಾರೆ, ವೈಫೈ ಕಡ್ಡಿ ತುಂಬಿರುತ್ತದೆ, ಸರಿ ಹೋಯ್ತು ಅಂದುಕೊಳ್ಳುತ್ತಾರೆ. ರೂಟರ್ ಮಾತು ಅಲ್ಲಿಗೆ ಕೇಳಿಸುತ್ತಿದೆ ಅನ್ನುವುದಷ್ಟೇ ಅದರ ಅರ್ಥ. ಕ್ಯಾಮೆರಾ ಕೆಲಸ ಉಲ್ಟಾ, ವಿಡಿಯೋ ಕಳಿಸಬೇಕಾದ್ದು ಅದು. ಅದರ ಆಂಟೆನಾ ಚಿಕ್ಕದು, ದನಿ ಸಣ್ಣದು. ರೂಟರ್ ಪವರ್ ಎಷ್ಟು ಏರಿಸಿದರೂ ಕ್ಯಾಮೆರಾ ದನಿ ದೊಡ್ಡದಾಗುವುದಿಲ್ಲ. ಅದಕ್ಕೇ ಹೊರಗೆ ಕಾಣುವ ಆಂಟೆನಾ ಇರುವ ಕ್ಯಾಮೆರಾ ನೋಡಿ. ಆಂಟೆನಾ ನೆಟ್ಟಗೆ ನಿಲ್ಲಿಸಿ. ಅದರ ತುದಿಯನ್ನು ರೂಟರ್ ಕಡೆ ತಿರುಗಿಸಿದರೆ ಸಿಗ್ನಲ್ ಕಡಿಮೆಯೇ ಆಗುತ್ತದೆ, ಅಲೆ ಹೊರಡುವುದು ಪಕ್ಕದಿಂದ.

ಗೋಡೆಗೆ ತೂತು ಕೊರೆಯುವ ಮುಂಚೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಕ್ಯಾಮೆರಾವನ್ನು ಅದೇ ಜಾಗದಲ್ಲಿ ಒಂದೆರಡು ದಿನ ಓಡಿಸಿ. ಸಂಜೆ ಹೊತ್ತು ಖಂಡಿತ ನೋಡಿ, ಅಕ್ಕಪಕ್ಕದ ವೈಫೈಗಳೆಲ್ಲ ಬ್ಯುಸಿ ಇರುವ ಹೊತ್ತದು. ಎಷ್ಟೋ ಕ್ಯಾಮೆರಾ ಆ್ಯಪ್‌ಗಳು ಸಿಗ್ನಲ್ ಬಲವನ್ನು ಡಿಬಿಎಂ ಅಂಕಿಯಲ್ಲಿ ತೋರಿಸುತ್ತವೆ. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಮೈನಸ್ 65ರ ಆಸುಪಾಸು ಇದ್ದರೆ ಆರಾಮ. ಮೈನಸ್ 75ಕ್ಕೆ ಹೋದರೆ ಆ ಜಾಗ ಬಿಟ್ಟುಬಿಡಿ, ಒಂದು ದಿನ ನಡೆಯುತ್ತದೆ, ಮರುದಿನ ಕೈಕೊಡುತ್ತದೆ.

ಇನ್ನೊಬ್ಬರ ಉತ್ತರ: ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ದೂರಕ್ಕೆ 2.4 ಗಿಗಾಹರ್ಟ್ಸ್ ಬ್ಯಾಂಡೇ ಸರಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ಎದುರು ಬೇಗ ಸೋಲುತ್ತದೆ. ರೂಟರ್‌ನಲ್ಲಿ ಚಾನೆಲ್ ‘ಆಟೋ’ ಬಿಡದೆ 1, 6, 11ರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಹಾಕಿ, ಅಗಲ 20 ಮೆಗಾಹರ್ಟ್ಸ್ ಇರಲಿ. ಮೈಕ್ರೋವೇವ್ ಒಲೆ ಪಕ್ಕ ರೂಟರ್ ಇಡಬೇಡಿ, ಅದೂ ಇದೇ ಬ್ಯಾಂಡಿನಲ್ಲಿ ಗದ್ದಲ ಮಾಡುತ್ತದೆ.

ಸುಮ್ನೆ 4ಕೆ ಹಿಂದೆ ಬೀಳಬೇಡಿ. 1080 ರೆಸಲ್ಯೂಷನ್, ಸೆಕೆಂಡಿಗೆ 15 ಫ್ರೇಮ್ ಗೇಟಿಗೆ ಧಾರಾಳ ಸಾಕು. ಎಚ್.265 (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ವಿಧಾನ) ಇರುವ ಕ್ಯಾಮೆರಾ ಆದರೆ ಕಳಿಸಬೇಕಾದ ಡೇಟಾ ಇನ್ನೂ ಇಳಿಯುತ್ತದೆ.

ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬ, ಹಾಕುವವರು ಅದನ್ನು ಕ್ಯಾಮೆರಾ ಪಕ್ಕ ಇಡುತ್ತಾರೆ. ಅಲ್ಲಿ ಅದಕ್ಕೇ ಸಿಗ್ನಲ್ ಇಲ್ಲ, ಇನ್ನು ಕ್ಯಾಮೆರಾಗೆ ಏನು ಕೊಡುತ್ತದೆ? ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ ಇಡಿ. ನಿಮ್ಮಲ್ಲಾದರೆ ಗೇಟಿನ ಕಡೆಯ ಕಿಟಕಿ.

ಮತ್ತೊಬ್ಬರು: ಗೇಟಿನ ಕ್ಯಾಮೆರಾಗೆ ಕರೆಂಟ್ ಹೇಗೂ ಬೇಕು ತಾನೆ? ಕರೆಂಟ್ ವೈರ್ ಎಳೆಯಲೇಬೇಕು ಅಂದಮೇಲೆ ಅದರ ಬದಲು ಒಂದು ನೆಟ್‌ವರ್ಕ್ ಕೇಬಲ್ ಎಳೆದು ಪಿಒಇ ಕ್ಯಾಮೆರಾ ಹಾಕಿ. ಕರೆಂಟು, ವಿಡಿಯೋ ಎರಡೂ ಒಂದೇ ಕೇಬಲ್‌ನಲ್ಲಿ, 100 ಮೀಟರ್‌ವರೆಗೆ. ವೈರ್‌ಲೆಸ್ ಅನ್ನುವುದು ನನ್ನ ಪ್ರಕಾರ ಕೇಬಲ್ ಹೋಗದ ಕಡೆಗೆ ಮಾತ್ರ.

ನಿಮ್ಮ ಶೆಡ್ ಅಂಥ ಜಾಗ ಇರಬಹುದು. ಅಲ್ಲಿಗೆ ರಿಪೀಟರ್ ಬೇಡ. ವೈರ್‌ಲೆಸ್ ಬ್ರಿಡ್ಜ್ ಅಂತ ಜೋಡಿ ಡಬ್ಬ ಸಿಗುತ್ತದೆ. ಒಂದನ್ನು ಮನೆಯ ಹೊರಗೋಡೆಗೆ, ಇನ್ನೊಂದನ್ನು ಶೆಡ್ಡಿನ ಹೊರಗೆ ಮುಖಾಮುಖಿ ಹಾಕುವುದು. ಟಾರ್ಚಿನ ಬೆಳಕಿನ ಹಾಗೆ ಅಲೆ ಒಂದೇ ದಿಕ್ಕಿಗೆ ಹೋಗುತ್ತದೆ, ನಡುವೆ ಅಡ್ಡ ಇಲ್ಲದಿದ್ದರೆ ಕಿಲೋಮೀಟರ್ ದೂರವೂ ದೊಡ್ಡದಲ್ಲ. ಒಂದೇ ಷರತ್ತು, ಮರದ ಕೊಂಬೆ ನಡುವೆ ಬರಬಾರದು. ಬೋಳು ಮರ ನೋಡಿ ಹಾಕಿಸಿದರೆ ಚಿಗುರಿದ ಮೇಲೆ, ಅದರಲ್ಲೂ ಎಲೆ ಒದ್ದೆಯಾದಾಗ, ಲಿಂಕ್ ಬಿದ್ದುಹೋಗಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಗೇಟಿಗೆ ಕೇಬಲ್ಲೇ ಎಳೆಸುತ್ತೇನೆ. ಶೆಡ್ಡಿಗೆ ಕರೆಂಟೂ ಇಲ್ಲ. ಬ್ಯಾಟರಿ ಕ್ಯಾಮೆರಾ ಆಗುತ್ತದಾ?

ಉತ್ತರ: ಆಗುತ್ತದೆ, ಆದರೆ ಅದು ಇಡೀ ದಿನ ರೆಕಾರ್ಡ್ ಮಾಡುವಂಥದ್ದಲ್ಲ. ಚಲನೆ ಕಂಡಾಗ ಎದ್ದು ರೆಕಾರ್ಡ್ ಮಾಡುತ್ತದೆ, ಏಳುವಷ್ಟರಲ್ಲಿ ಶುರುವಿನ ಕ್ಷಣ ತಪ್ಪಿಹೋಗುವುದೂ ಉಂಟು. ಸೆನ್ಸರ್‌ಗೆ ಅಡ್ಡಲಾಗಿ ನಡೆಯುವವರು ಬೇಗ ಸಿಗುತ್ತಾರೆ, ನೇರ ಎದುರು ಬರುವವರು ತಡವಾಗಿ. ಹಾಗಾಗಿ ದಾರಿಯನ್ನು ಪಕ್ಕದಿಂದ ನೋಡುವಂತೆ ಹಾಕಿ. ಸಿಗ್ನಲ್ ಕ್ಷೀಣವಾಗಿದ್ದರೆ ಬ್ಯಾಟರಿಯೂ ಬೇಗ ಖಾಲಿ, ಒಂದೇ ವಿಡಿಯೋವನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಸೋಲಾರ್ ಪ್ಯಾನೆಲ್ ಜೊತೆ ಬ್ರಿಡ್ಜ್‌ಗೂ ಒಂದು ಬ್ಯಾಟರಿ ಇಡುವುದಾದರೆ ಮಾಮೂಲಿ ಕ್ಯಾಮೆರಾನೇ ಹಾಕಬಹುದು, ಖರ್ಚು ನೋಡಿಕೊಳ್ಳಿ.

ಯಾವುದೇ ಆಗಲಿ, ಮೆಮೊರಿ ಕಾರ್ಡ್ ಹಾಕುವ ಜಾಗ ಇರುವುದನ್ನೇ ಕೊಳ್ಳಿ. ವೈಫೈ ಹೋದರೂ ರೆಕಾರ್ಡಿಂಗ್ ನಿಲ್ಲಬಾರದು. ಕಂಪನಿ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಅಷ್ಟೊಂದು ಕ್ಯಾಮೆರಾಗಳನ್ನು ಹಿಡಿದದ್ದು ಬದಲಾಯಿಸದೆ ಬಿಟ್ಟ ಪಾಸ್‌ವರ್ಡ್‌ಗಳಿಂದಲೇ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಕೊಡಿಸಿ, ಬ್ರಿಡ್ಜ್‌ನ ಮನೆ ಕಡೆಯ ಡಬ್ಬವನ್ನೂ ಅದಕ್ಕೇ ಸೇರಿಸಿ.